ಅಣಬೆಗೆ ಕೊಟ್ಟ ಗಾಳಿ

ಅಣಬೆ ಕೋಣೆ ಮಾಡಬೇಕೆಂದು ಹೊರಟವರು ಈಚೆಗೆ ನನ್ನನ್ನು ಹುಡುಕಿಕೊಂಡು ಕಳಸದವರೆಗೂ ಬರುತ್ತಾರೆ. ಹೋಂಸ್ಟೇ ಇಟ್ಟವರು, ಕಾಫಿಯ ಜೊತೆಗೆ ಇನ್ನೇನಾದರೂ ಮಾಡೋಣ ಎನ್ನುವವರು, ಓದು ಮುಗಿಸಿ ಊರಲ್ಲೇ ಉಳಿದ ಹುಡುಗಿಯರು. ಎಲ್ಲರೂ ಕೇಳುವುದು ಒಂದೇ. ಎಷ್ಟು ಡಿಗ್ರಿ ಇರಬೇಕು, ತೇವ ಎಷ್ಟಿರಬೇಕು, ಫ್ಯಾನು ಯಾವ ಸೈಜಿನದು. ನಾನೂ ದೊಡ್ಡ ತಜ್ಞನ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದೆ. ಹೋದ ತಿಂಗಳು ಗಿರಿಜಾ ಬಂದು ಹೋದಾಗಿನಿಂದ ಹಾಗೆ ಹೇಳಲು ನಾಲಗೆ ಏಳುತ್ತಿಲ್ಲ. ಹೇಳಲಾಗದ್ದನ್ನು ಬರೆದಾದರೂ ಬರೆಯೋಣ ಎಂದು ಕೂತಿದ್ದೇನೆ.

ಗಿರಿಜಾ ಬಾಳೂರಿನ ಕಡೆಯ ಎಸ್ಟೇಟಿನಲ್ಲಿ ನನ್ನ ಕೈಕೆಳಗೆ ಅಣಬೆ ಕೊಯ್ಯುತ್ತಿದ್ದವಳು. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಒಂದು ಸಣ್ಣ ಏರು. ಅದನ್ನು ಹತ್ತಿ ಬಂದವಳು ಮಾತನಾಡಲಾರದೆ ಗೇಟು ಹಿಡಿದು ನಿಂತಳು. ಇನ್ನೂ ಐವತ್ತು ಆಗದ ಹೆಂಗಸು. ಜೊತೆಯಲ್ಲಿ ಮಗಳು ಆಶಾ, ಆಗಷ್ಟೇ ಪಿಯುಸಿ ಮುಗಿಸಿದವಳು, ಅಮ್ಮನ ಬೆನ್ನು ಸವರುತ್ತಿದ್ದಳು. ಉಸಿರು ಹದಕ್ಕೆ ಬಂದ ಮೇಲೆ ಗಿರಿಜಾ ಬಂದ ವಿಷಯ ಹೇಳಿದಳು.

"ರೈಟ್ರೇ, ಇವಳಿಗೆ ಆ ಅಣಬೆ ಕೋಣೆ ಕೆಲಸ ಕೊಡಿಸ್ಬೇಕು. ನೀವು ಸಾಹುಕಾರ್ರಿಗೆ ಒಂದು ಮಾತು ಹೇಳಿದ್ರೆ ಆಗ್ತದೆ. ಮಳೇಲಿ ಇಂಬಳಕ್ಕೆ ರಕ್ತ ಕೊಟ್ಕೊಂಡು ಕಳೆ ತೆಗೆಯೋದು ಇವಳಿಗೆ ಬೇಡ. ನೀವು ಅವತ್ತು ನನ್ನನ್ನ ಒಳಗಿನ ಕೆಲ್ಸಕ್ಕೆ ಹಾಕಿದ್ರಲ್ಲ, ಆ ಉಪಕಾರ ನಾನು ಮರ್ತಿಲ್ಲ."

ಉಪಕಾರ ಎಂಬ ಮಾತು ಕೇಳಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏಕೆಂದರೆ ಅವಳು ನಮ್ಮ ಗೇಟಿನಲ್ಲಿ ನಿಂತು ಉಸಿರಿಗೆ ಒದ್ದಾಡಿದ್ದು ಆ ಕೋಣೆಯಿಂದ, ಆ ಕೋಣೆಯ ಗಾಳಿಯ ಲೆಕ್ಕ ನನ್ನದು. "ಯೋಚ್ನೆ ಮಾಡಿ ಹೇಳ್ತೇನೆ ಗಿರಿಜಾ" ಎಂದು ಕಳಿಸಿಕೊಟ್ಟೆ. ನನ್ನ ಹೆಂಡತಿ ಅವಳಿಗೆ ಊಟ ಹಾಕಿದಳು. ನಾನು ಕೊಟ್ಟಿಗೆಯ ಕಡೆ ಏನೋ ಕೆಲಸವಿದ್ದವನ ಹಾಗೆ ಹೋಗಿ ನಿಂತೆ.

ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು, ಗೋಡೌನಿನ ಕೀಲಿ ಇಟ್ಟುಕೊಂಡವನು. ಸಂಸೆಯಲ್ಲಿ ನಮ್ಮ ತಂದೆ ಮೇಷ್ಟ್ರಾಗಿದ್ದರು, ಮಗನೂ ಮೇಷ್ಟ್ರಾಗಲಿ ಎಂದಿದ್ದರು. ನನಗೆ ಸೀಮೆಸುಣ್ಣಕ್ಕಿಂತ ಕೀಲಿ ಹಿಡಿಸಿತು. ಕಾಫಿ ಗೋಡೌನು ಕಾಯುವುದೆಂದರೆ ತೇವದ ಜೊತೆ ಜಗಳ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ, ಮಳೆಗಾಲದ ಗಾಳಿ ತಾಗಿದರೆ ಮತ್ತೆ ತೇವ ಎಳೆದುಕೊಂಡು ಬಣ್ಣ ಕೆಡುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ಕಿಟಕಿಗಳಿಗೆ ಹಲಗೆ ಬಡಿದು, ಬಾಗಿಲ ಸಂದಿಗೆ ಗೋಣಿ ತುರುಕಿ ಬಂದೋಬಸ್ತು ಮಾಡುತ್ತಿದ್ದೆ. ರೈಟರ ಗೋಡೌನಿಗೆ ಇರುವೆಯ ಉಸಿರೂ ಹೋಗುವುದಿಲ್ಲ ಎಂದು ಮೇಸ್ತ್ರಿಗಳು ನಗುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಸಾಹುಕಾರರು ಚಂದ್ರಶೇಖರಪ್ಪನವರು. ಮೂಡಿಗೆರೆ ಪೇಟೆಯಲ್ಲಿ ಅವರಿಗೆ ಹಾರ್ಡ್‌ವೇರ್ ಅಂಗಡಿ, ಬಾಳೂರಿನ ಕಡೆ ತೋಟ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ "ನೋಡಿ ಮಾಡಿ". ಏನು ಕೇಳಿದರೂ ಅದೇ ಉತ್ತರ. ಅಷ್ಟರಲ್ಲೇ ಜವಾಬ್ದಾರಿಯೆಲ್ಲ ನಮ್ಮ ತಲೆಗೆ ಬಂದುಬಿಡುತ್ತಿತ್ತು, ನಮ್ಮ ಮೇಲೆ ನಂಬಿಕೆ ಇಟ್ಟಿದ್ದಾರೆ ಎಂಬ ಸಂತೋಷವೂ ಆಗುತ್ತಿತ್ತು. ಕೊರೋನಾ ಬರುವುದಕ್ಕೆ ಕೆಲವು ವರ್ಷ ಮೊದಲು ಅವರು ಕಾಫಿಯನ್ನು ಕಣದಿಂದಲೇ ಮಾರಲು ಶುರು ಮಾಡಿದರು. ಗೋಡೌನು ಖಾಲಿ ಬಿತ್ತು. "ಅಲ್ಲಿ ಅಣಬೆ ಬೆಳೆಯೋಣ ರೈಟ್ರೇ, ಹೋಟೆಲಿನವ್ರು ಕೇಳ್ತಿದ್ದಾರೆ. ನೀವೇ ನೋಡಿ ಮಾಡಿ" ಎಂದು ನನ್ನನ್ನು ತರಬೇತಿಗೆ ಕಳಿಸಿದರು.

ಅಲ್ಲಿ ಹೇಳಿಕೊಟ್ಟ ವಿಜ್ಞಾನಿ ತಾಳ್ಮೆಯ ಹೆಂಗಸು. ಭತ್ತದ ಹುಲ್ಲು ಕತ್ತರಿಸಿ ನೆನೆಸುವುದು, ಹಬೆಯಲ್ಲಿ ಬೇಯಿಸಿ ಆರಿಸುವುದು, ಅಣಬೆಯ ಬೀಜ ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಚೀಲದೊಳಗೆಲ್ಲ ಬಿಳಿ ಹಬ್ಬುವ ತನಕ ಕತ್ತಲಲ್ಲಿ ಇಡುವುದು, ಆಮೇಲೆ ಬೆಳಕಿಗೆ ತರುವುದು, ಎಲ್ಲ ಒಂದೊಂದಾಗಿ ತೋರಿಸಿದರು. ಕೊನೆಗೆ ಇನ್ನೊಂದು ಮಾತು ಹೇಳಿದರು. ಚಿಪ್ಪಣಬೆ ಬಲಿತರೆ ಅದರ ಅಡಿಯಿಂದ ಬಿಳಿ ಧೂಳು ಉದುರುತ್ತದೆ. ಅದು ದಿನಾ ಎದೆಗೆ ಹೋದರೆ ಕೆಲವರಿಗೆ ಕೆಮ್ಮು, ಜ್ವರ, ಕೊನೆಗೆ ಉಸಿರಿನ ತೊಂದರೆ. ಹಾಗಾಗಿ ಬಲಿಯುವ ಮೊದಲೇ ಕೊಯ್ಯಿರಿ, ಆಳುಗಳು ಒಳಗೆ ಹೋಗುವ ಮೊದಲು ಫ್ಯಾನು ಹಾಕಿ, ಒಳ್ಳೆಯ ಮಾಸ್ಕ್ ಕೊಡಿ. ಊಟದ ಹೊತ್ತಾಗಿತ್ತು, ಎಲ್ಲರ ಗಮನ ಹೊರಗಿನ ಸಾರಿನ ವಾಸನೆಯ ಮೇಲಿತ್ತು. ನನಗೆ ಕೇಳಿಸಲಿಲ್ಲ ಎಂದು ಬರೆದರೆ ಈಗ ಯಾರೂ ಬಂದು ಇಲ್ಲ ಎನ್ನುವುದಿಲ್ಲ. ಆದರೆ ಕೇಳಿಸಿತ್ತು.

ಮೊದಲ ತಪ್ಪು ಕಾಫಿಯವನ ತಪ್ಪು. ಬೀಜ ಹಾಕಿದ ಚೀಲಗಳನ್ನು ಕಾಫಿ ಮೂಟೆಯ ಹಾಗೆ ಒಂದರ ಮೇಲೊಂದು ಒತ್ತಾಗಿ ಪೇರಿಸಿದೆ. ನೋಡಲು ಎಷ್ಟು ಚಂದ. ಗೋಡೆಗೆ ನೇತುಹಾಕಿದ ಥರ್ಮಾಮೀಟರು ಇಪ್ಪತ್ತೈದು ತೋರಿಸುತ್ತಿತ್ತು, ನಾನು ದಿನಾ ನೋಡಿ ಖುಷಿಪಡುತ್ತಿದ್ದೆ. ಕಾಫಿ ಮೂಟೆ ಸುಮ್ಮನೆ ಕೂತಿರುತ್ತದೆ, ಅಣಬೆ ಚೀಲ ಹಾಗಲ್ಲ, ಅದರೊಳಗೆ ಜೀವ ಹಬ್ಬುತ್ತ ತಾನೇ ಬಿಸಿ ಹುಟ್ಟಿಸುತ್ತದೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಒಂದು ದಿನ ಹುಳಿ ವಾಸನೆ ಬಂತೆಂದು ಚೀಲಗಳ ನಡುವೆ ಕೈ ಹಾಕಿದರೆ ಆಗ ತಾನೇ ಬಸಿದ ಅನ್ನದ ಪಾತ್ರೆಗೆ ಕೈ ಹಾಕಿದ ಹಾಗಾಯಿತು. ಒಳಗಿನವೆಲ್ಲ ಬೆಂದುಹೋಗಿದ್ದವು, ಹೊರಗಿನವಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಸಾಹುಕಾರರು ಬಂದು ಮೂಗಿಗೆ ಟವೆಲ್ ಹಿಡಿದು ಒಂದು ಸುತ್ತು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಇನ್ಮೇಲಾದ್ರೂ ನೋಡಿ ಮಾಡಿ" ಎಂದು ಜೀಪು ಹತ್ತಿದರು. ಹೊಸಬರಿಗೆ ನಾನು ಹೇಳುವುದು ಇಷ್ಟೇ, ಗೋಡೆಯ ಮೇಲಿನ ಥರ್ಮಾಮೀಟರು ಹೇಳುವುದು ಗೋಡೆಯ ಸುದ್ದಿ. ಚೀಲಗಳ ನಡುವೆ ಕೈ ಆಡುವಷ್ಟು ಜಾಗ ಬಿಡಿ, ಬಿಸಿಯನ್ನು ಅಲ್ಲಿ ಅಳೆಯಿರಿ.

ಎರಡನೆಯದೂ ಗೋಡೌನಿನ ಚಾಳಿಯೇ. ಜೂನ್ ಬಂತು, ಕೈ ತಾನಾಗಿ ಕಿಟಕಿಗೆ ಹೋಯಿತು. ಹಲಗೆ ಬಡಿದೆ, ಗೋಣಿ ತುರುಕಿದೆ. ಒಳಗೆ ಬೆಚ್ಚಗೆ, ತೇವವಾಗಿ ಇತ್ತು, ಅಣಬೆಗೆ ಇನ್ನೇನು ಬೇಕು ಎಂದುಕೊಂಡೆ. ಗಿರಿಜಾ ಆ ಕೋಣೆಗೆ ಬಂದದ್ದು ಆ ದಿನಗಳಲ್ಲೇ. ಕಳೆ ತೆಗೆಯುವ ಗುಂಪಿನಲ್ಲಿ ಕೈ ಚುರುಕಾಗಿದ್ದವಳು, ಮಳೆಯಲ್ಲಿ ಕಾಲು ಹುಣ್ಣಾಗಿದೆ ಒಳಗೆಲ್ಲಾದರೂ ಕೆಲಸ ಕೊಡಿ ಎಂದು ಕೇಳಿದ್ದಳು. ಅವಳ ತವರೂ ಸಂಸೆಯೇ, ನಮ್ಮೂರಿನವಳೆಂಬ ಅಭಿಮಾನಕ್ಕೆ ಕೊಟ್ಟೆ. ಮೊದಲ ಬೆಳೆ ನೋಡಿ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಎಂತ ರೈಟ್ರೇ ಇದು, ಕೊಡೆ ಬೆಳೀತೇನೆ ಅಂತ ಹೇಳಿ ಬರೀ ಕೊಡೆ ಹಿಡಿ ಬೆಳ್ದಿದ್ದೀರಿ."

ನಿಜ. ಒಂದೊಂದಕ್ಕೂ ಗೇಣುದ್ದ ಕಾಲು, ಅಂಗಿಯ ಗುಂಡಿಯಷ್ಟು ತಲೆ. ವಿಜ್ಞಾನಿಗೆ ಫೋನು ಮಾಡಿದೆ. "ಕಿಟಕಿ ತೆಗೀರಿ. ಅವೂ ನಮ್ಮ ಹಾಗೇ ಉಸಿರಾಡ್ತವೆ, ಬಿಟ್ಟ ಉಸಿರು ಹೊರಗೆ ಹೋಗ್ಬೇಕು. ಗಾಳಿ ಸಾಲದೆ ಕತ್ತು ಎತ್ತಿವೆ" ಎಂದರು ಅವರು. ಇಷ್ಟು ವರ್ಷ ಗಾಳಿಯನ್ನು ಹೊರಗಿಡುವುದನ್ನೇ ವಿದ್ಯೆ ಎಂದುಕೊಂಡಿದ್ದವನಿಗೆ ಆವತ್ತು ಮುಖಭಂಗವಾಯಿತು. ಆದರೆ ಅದು ಹಗುರವಾದ ನಾಚಿಕೆ, ನಾಲ್ಕು ಜನರ ಮುಂದೆ ಹೇಳಿಕೊಂಡು ನಗಬಹುದಾದದ್ದು.

ಆಮೇಲೆ ಫ್ಯಾನಿನ ಪುರಾಣ. ಸಾಹುಕಾರರು ಅಂಗಡಿಯ ಹೊಸ ಫ್ಯಾನು ಬಿಚ್ಚಲು ಮನಸ್ಸಿಲ್ಲದೆ ಕುದುರೆಮುಖದ ಕಡೆಯಿಂದ ಬಂದ ಗುಜರಿಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನು ಹಿಡಿದು ಕಳಿಸಿದರು. ಯಾವ ಕಾರ್ಖಾನೆಯ ಯಾವ ಗೋಡೆಯಲ್ಲಿತ್ತೋ. ಹಾಕಿದೊಡನೆ ಬಾಗಿಲು ದಡಾರೆಂದು ಬಡಿದುಕೊಂಡಿತು, ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರು ಹಾರಿಹೋಗಿ ಫ್ಯಾನಿನ ಬಾಯಿಗೆ ಕಚ್ಚಿಕೊಂಡಿತು, ಸಂಜೆಯೊಳಗೆ ಅಣಬೆಗಳ ಅಂಚು ಹಪ್ಪಳದ ಹಾಗೆ ಒಣಗಿತು. ಕೊನೆಗೆ ಅಂಗಡಿಯಿಂದಲೇ ಸಣ್ಣ ಫ್ಯಾನು ಬಂತು. ಅದನ್ನು ಗೋಡೆಯ ಮೇಲ್ಭಾಗದಲ್ಲಿ ಕೂರಿಸಿ, ಎದುರಿನ ಕೆಳಗಿನ ಕಿಟಕಿಗೆ ನೊಣದ ಬಲೆ ಹೊಡೆದು, ಅದರ ಮೇಲೆ ಒದ್ದೆ ಗೋಣಿ ಇಳಿಬಿಟ್ಟೆ. ಹೊರಗಿನ ಗಾಳಿ ಗೋಣಿಯ ತಂಪು ಹಿಡಿದುಕೊಂಡು ಒಳಗೆ ಬರಬೇಕು, ಬಿಸಿ ಗಾಳಿ ಮೇಲಿನಿಂದ ಹೋಗಬೇಕು. ಬೇಸಿಗೆಯಲ್ಲಿ ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿದೆ, ಹೆಂಚಿನ ಮೇಲೆ ಸೋಗೆ ಹೊದಿಸಿದೆ. ಇಂದಿನವರು ಬಿಸಿ ತೇವ ಅಳೆಯುವ ಡಬ್ಬಿಯೊಂದನ್ನು ಗೋಡೆಗೆ ಸಿಕ್ಕಿಸಿ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಆ ಡಬ್ಬಿಗೆ ಕೆಮ್ಮು ಕೇಳಿಸುವುದಿಲ್ಲ.

ನನಗೆ ಕೇಳಿಸುತ್ತಿತ್ತು.

ನಮ್ಮಲ್ಲಿ ಬೆಳಿಗ್ಗೆ ಕೊಯ್ಲು. ಕೊಯ್ದು, ತೂಗಿ, ಚಿಕ್ಕಮಗಳೂರಿಗೆ ಹೋಗುವ ವ್ಯಾನಿಗೆ ಹತ್ತಿಸಬೇಕು. ಕೊಯ್ಯುವ ಹೊತ್ತಿಗೆ ಫ್ಯಾನು ಓಡುತ್ತಿದ್ದರೆ ಅಣಬೆ ಅಷ್ಟಿಷ್ಟು ಆರಿ ತೂಕ ಇಳಿಯುತ್ತದೆ ಎಂದು ಕಂಡುಹಿಡಿದವನು ನಾನೇ. ಅದಕ್ಕೊಂದು ಟೈಮರು ತರಿಸಿದೆ. ರಾತ್ರಿಯೆಲ್ಲ ಫ್ಯಾನು ಓಡುತ್ತದೆ, ಹೆಂಗಸರು ಒಳಗೆ ಹೋಗುವ ಮೊದಲು ನಿಲ್ಲುತ್ತದೆ, ವ್ಯಾನು ಹೊರಟ ಮೇಲೆ ಮತ್ತೆ ಓಡುತ್ತದೆ. ತೂಕ ಇಳಿಯುವುದು ನಿಂತಿತು. ಚಂದ್ರಶೇಖರಪ್ಪನವರು ಆವತ್ತು ನೋಡಿ ಮಾಡಿ ಎನ್ನಲಿಲ್ಲ. "ಒಳ್ಳೆ ತಲೆ ರೈಟ್ರೇ ನಿಮ್ದು" ಎಂದು ಭುಜ ತಟ್ಟಿದರು. ಇಡೀ ಸರ್ವೀಸಿನಲ್ಲಿ ಅವರು ನನ್ನ ಭುಜ ಮುಟ್ಟಿದ್ದು ಅದೊಂದೇ ಸಲ. ಆ ಮಾತನ್ನು ಮನೆಗೆ ಬಂದು ಹೆಂಡತಿಗೆ ಹೇಳಿದೆ, ನೆಂಟರಿಗೆ ಹೇಳಿದೆ. ಅಣಬೆ ಉಸಿರಾಡುತ್ತದೆ ಎಂದು ಪಾಠ ಕಲಿತವನು ಹೆಂಗಸರು ಒಳಗೆ ಹೋಗುವ ಹೊತ್ತಿಗೇ ಸರಿಯಾಗಿ ಗಾಳಿ ನಿಲ್ಲಿಸಿದ್ದೆ.

ಭಾನುವಾರ ವ್ಯಾನು ಇರುತ್ತಿರಲಿಲ್ಲ. ಸೋಮವಾರ ಬಾಗಿಲು ತೆಗೆದರೆ ಅಣಬೆಗಳು ಬಲಿತು ಮಗುಚಿಕೊಂಡಿರುತ್ತಿದ್ದವು. ಚೀಲ, ಕಂಬಿ, ನೆಲ ಎಲ್ಲ ಹಿಟ್ಟಿನ ಗಿರಣಿಯ ಹಾಗೆ ಬೆಳ್ಳಗೆ. ಬಾಗಿಲಿಂದ ಬಿದ್ದ ಬೆಳಕಿನಲ್ಲಿ ಆ ಧೂಳು ಹೊಗೆಯಂತೆ ಏಳುವುದು ಕಾಣುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತು ಕೆಲಸ ಹೇಳುತ್ತಿದ್ದೆ. ಹೊರಗಿನವರು ಒಳಗೆ ಹೋದರೆ ಅಣಬೆಗೆ ಸೋಂಕು ಎಂದು ಎಲ್ಲರಿಗೂ ಹೇಳುತ್ತಿದ್ದೆ, ನನಗೂ ಹೇಳಿಕೊಂಡಿದ್ದೆ. ಹೆಂಗಸರು ಅದಕ್ಕೆ ಸೋಮವಾರದ ಕೆಮ್ಮು ಎಂದೇ ಹೆಸರಿಟ್ಟಿದ್ದರು. ಕೆಲವರು ತಮ್ಮಷ್ಟಕ್ಕೆ ಬಿಟ್ಟು ತೋಟದ ಕೆಲಸಕ್ಕೆ ಹೋದರು. ಬಟ್ಟೆಯ ಮಾಸ್ಕ್ ಕೊಟ್ಟಿದ್ದೆ. ಒಳಗಿನ ತೇವಕ್ಕೆ ಅವು ಒದ್ದೆಯಾಗಿ ಮುಖಕ್ಕೆ ಅಂಟಿಕೊಳ್ಳುತ್ತಿದ್ದವು, ಬಿಚ್ಚಿ ಮೊಳೆಗೆ ತಗಲಿಸುತ್ತಿದ್ದರು. ಹಾಕಿಕೊಳ್ಳಿ ಎಂದು ನಾನೂ ಗಟ್ಟಿಯಾಗಿ ಹೇಳಲಿಲ್ಲ, ಬೇರೆಯದನ್ನು ತರಿಸಲೂ ಇಲ್ಲ.

ಗಿರಿಜಾ ಬಿಡಲಿಲ್ಲ. ಮಳೆಯಿಲ್ಲ, ಇಂಬಳವಿಲ್ಲ, ಸೂರಿನಡಿ ಕೆಲಸ, ಇದಕ್ಕಿಂತ ಸುಖ ಬೇಕಾ ಎನ್ನುತ್ತಿದ್ದಳು. ಕೆಮ್ಮಿಗೆ ನನ್ನ ಹೆಂಡತಿಯಿಂದ ಕಾಳುಮೆಣಸಿನ ಕಷಾಯ ಮಾಡಿಸಿ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದೆ. ಅದನ್ನು ಕುಡಿದು ಅವಳು ಕೈ ಮುಗಿಯುತ್ತಿದ್ದಳು. ಒಂದು ಸಲ ತಮ್ಮನ ಮದುವೆಗೆಂದು ತವರಿಗೆ ಹೋಗಿ ಕೆಲವು ದಿನ ನಿಂತು ಬಂದಳು. "ಕೆಮ್ಮು ಎಲ್ಲಿ ಹೋಯ್ತೋ ಗೊತ್ತಿಲ್ಲ ರೈಟ್ರೇ, ನಮ್ಮೂರಿನ ನೀರು ನೋಡಿ" ಎಂದಳು. ಮುಖದಲ್ಲಿ ಕಳೆ ಬಂದಿತ್ತು. ಮರುದಿನ ಕೋಣೆಗೆ ಹೋದಳು, ಸಂಜೆಗೆ ಚಳಿಜ್ವರ. ಆ ಸಂಜೆ ನನಗೆ ಎಲ್ಲ ತಿಳಿಯಿತು. ತರಬೇತಿಯಲ್ಲಿ ಕೇಳಿದ ಮಾತು ಒಂದಕ್ಷರ ಬಿಡದೆ ನೆನಪಾಯಿತು. ಮಳೆಯ ಜ್ವರ, ಎರಡು ದಿನ ಮಲಗು ಎಂದು ಹೇಳಿದೆ.

ಕೆಮ್ಮು ಹೆಚ್ಚಾದಾಗ ನಾನೇ ಜೀಪಿನಲ್ಲಿ ಮೂಡಿಗೆರೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎದೆಗೆ ಕೊಳವೆ ಇಟ್ಟು ನೋಡಿ ಅವರು ಕೇಳಿದರು, "ಎಂತ ಕೆಲ್ಸ ಅಮ್ಮಾ ನಿಮ್ದು?"

"ಎಸ್ಟೇಟ್ ಕೆಲ್ಸ" ಎಂದಳು ಗಿರಿಜಾ.

ಅವರು ನನ್ನ ಕಡೆ ನೋಡಿದರು. ಅಣಬೆ ಕೋಣೆ ಎಂಬ ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ಕೋಣೆ ಸರಿ ಮಾಡು ಎನ್ನುತ್ತಾರೆ, ಸಾಹುಕಾರರು ಎರಡನೇ ಕೋಣೆಗೆ ಗೋಡೆ ಎಬ್ಬಿಸುತ್ತಿದ್ದಾರೆ, ಒಳ್ಳೆ ತಲೆ ಎಂದವರ ಮುಂದೆ ಹೋಗಿ ಟೈಮರು ತಪ್ಪು ಎನ್ನಬೇಕು. ನಾನು ತಲೆಯಾಡಿಸಿದೆ. "ಹೌದು ಡಾಕ್ಟ್ರೇ, ಎಸ್ಟೇಟಲ್ಲೇ." ಅವರು ಮಳೆಯಲ್ಲಿ ನೆನೆಯಬೇಡಿ ಎಂದು ಹೇಳಿ ಔಷಧಿ ಬರೆದರು. ದಾರಿಯಲ್ಲಿ ಗಿರಿಜಾ, "ನೀವಿಲ್ದೇ ಇದ್ರೆ ನಂಗೆ ಯಾರಿದ್ರು ರೈಟ್ರೇ" ಎಂದಳು. ಜೀಪಿನ ಸದ್ದಿಗೆ ಕೇಳಿಸದವನ ಹಾಗೆ ಕೂತಿದ್ದೆ.

ಅವಳು ಮತ್ತೂ ಕೆಲವು ವರ್ಷ ಆ ಕೋಣೆಯಲ್ಲೇ ಕೊಯ್ದಳು. ಕೊನೆಗೆ ಬುಟ್ಟಿ ಎತ್ತಲಾಗದೆ ಹೋದಾಗ ಹೊರಗೆ ಪ್ಯಾಕಿಂಗಿಗೆ ಹಾಕಿದೆ. ಸುಲಭದ ಕೆಲಸ ಕೊಟ್ಟರೆಂದು ಅದಕ್ಕೂ ಕೃತಜ್ಞತೆ. ಅವಳ ಜಾಗಕ್ಕೆ ಇನ್ನೊಬ್ಬಳನ್ನು ಒಳಗೆ ಕಳಿಸಿದೆ. ಅದಾದ ಮೇಲೆ ಅವಳು ಕೆಲಸವನ್ನೇ ಬಿಟ್ಟಳು, ನಾನೂ ನಿವೃತ್ತನಾಗಿ ಕಳಸಕ್ಕೆ ಬಂದೆ.

ಮಗಳಿಗೆ ಕೆಲಸ ಕೇಳಿ ಅವಳು ಹೋದ ಮೇಲೆ ಮೊದಲು ಸಾಹುಕಾರರಿಗೆ ಫೋನು ಮಾಡಿದೆ. ಈಗಿನವರು ಏನಾದರೂ ಬದಲಾಯಿಸಿರಬಹುದು, ಕೋಣೆ ಸರಿಯಾಗಿರಬಹುದು, ಹಾಗಿದ್ದರೆ ಆಶಾಳನ್ನು ಸೇರಿಸಿ ನಾನು ತೆಪ್ಪಗಿರಬಹುದು ಎಂಬ ಆಸೆ.

"ಬೆಳಿಗ್ಗೆ ಕೊಯ್ಯೋವಾಗ ಫ್ಯಾನು ಓಡ್ತದಾ ಸಾಹುಕಾರ್ರೇ ಈಗ?" ಎಂದು ಕೇಳಿದೆ.

"ಇಲ್ಲಪ್ಪ. ನೀವು ಇಟ್ಟ ಟೈಮೇ ಇರೋದು. ಎರಡು ಕೋಣೆಗೂ ಅದೇ. ಹೊಸ ಹುಡುಗ ಮೊಬೈಲಿಗೆ ಎಲ್ಲ ಕನೆಕ್ಷನ್ ಕೊಟ್ಟ, ರೈಟ್ರು ಇಟ್ಟ ಟೈಮು ಮಾತ್ರ ಮುಟ್ಬೇಡ ಅಂತ ನಾನೇ ಹೇಳಿದ್ದೇನೆ."

ಕೊಯ್ಯುವಾಗ ಓಡಿಸಬೇಕು, ಧೂಳು ಎದೆಗೆ ಹೋಗುತ್ತದೆ, ಗಿರಿಜಾಳಿಗೆ ಆದದ್ದು ಅದೇ ಎಂದು ಹೇಳಿದೆ. "ತೂಕ ಹೋಗ್ತದೆ ಅಂತ ನೀವೇ ಹೇಳಿದ್ದಲ್ವಾ ರೈಟ್ರೇ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿ ಗೊಂದಲವಿತ್ತು. ತೂಕ ಹೋದರೆ ಹೋಗಲಿ, ನಾಳೆಯಿಂದಲೇ ಓಡಿಸಿ, ಭಾನುವಾರವೂ ಕೊಯ್ಯಿಸಿ, ಒಳ್ಳೆಯ ಮಾಸ್ಕ್ ತರಿಸಿ ಎಂದೆ. "ನೋಡಿ ಮಾಡೋಣ" ಎಂದು ಫೋನಿಟ್ಟರು. ಮಾಡಿದ್ದಾರೋ ಇಲ್ಲವೋ ಈ ಹೊತ್ತಿಗೂ ನನಗೆ ಗೊತ್ತಿಲ್ಲ. ನಾಳೆ ಹೋಗಿ ನೋಡುವವನಿದ್ದೇನೆ, ಈ ಸಲ ಹೊಸ್ತಿಲು ದಾಟಿ.

ಆದರೆ ಕೋಣೆಯ ಕಡೆ ತಿರುಗದೆ ಗಿರಿಜಾಳ ಮನೆಗೆ ಮಾತ್ರ ನಿನ್ನೆಯೇ ಹೋಗಿ ಬಂದೆ. ಎಸ್ಟೇಟಿನ ಆಳುಗಳಿರುವ ಲೈನು ಮನೆಗಳ ಸಾಲಿನಲ್ಲಿ ಕೊನೆಯದು. ಅವಳು ಜಗಲಿಯಲ್ಲಿ ಮೊರದಲ್ಲಿ ಮೆಣಸು ಹರವಿಕೊಂಡು ಕೂತಿದ್ದಳು. ನನ್ನನ್ನು ಕಂಡು ಏಳಲು ನೋಡಿದಳು, ನಾನು ಬೇಡವೆಂದೆ. ಕೆಲಸ ಆಯಿತೆಂದು ಹೇಳಲು ಬಂದಿದ್ದೇನೆ ಎಂದುಕೊಂಡಿರಬೇಕು, ಮುಖ ಅರಳಿತು.

"ಆಶಾ, ರೈಟ್ರು ಬಂದಿದ್ದಾರೆ, ಕಾಫಿ ಇಡು. ಬೆಲ್ಲ ಹಾಕ್ಬೇಡ, ಅವ್ರಿಗೆ ಸಕ್ಕರೆ ಹಾಕು" ಎಂದು ಒಳಗೆ ಕೂಗಿದಳು.

ಕುರ್ಚಿಯ ತುದಿಯಲ್ಲಿ ಕೂತು ಹೇಳಿದೆ. ಆಶಾಳನ್ನು ಆ ಕೋಣೆಗೆ ಕಳಿಸಬೇಡ ಎಂದೆ. ಧೂಳಿನ ವಿಷಯ, ಟೈಮರಿನ ವಿಷಯ ಹೇಳಿದೆ. ಮೆಣಸಿನ ಮೇಲಿದ್ದ ಅವಳ ಕೈ ನಿಂತಿತು.

"ಇದು ನಿಮಗೆ ಈಗ ಗೊತ್ತಾಯ್ತಾ ರೈಟ್ರೇ?"

ಈಗ ಎಂದುಬಿಡಬಹುದಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು.

"ಇಲ್ಲ, ಆಗಲೇ ಗೊತ್ತಿತ್ತು" ಎಂದೆ.

"ಮೂಡಿಗೆರೇಲಿ ಡಾಕ್ಟ್ರು ಕೇಳಿದಾಗ?"

"ಆಗ್ಲೂ ಗೊತ್ತಿತ್ತು."

ಒಳಗೆ ಕಾಫಿ ಕುದಿಯುವ ವಾಸನೆ ಬರುತ್ತಿತ್ತು. ಗಿರಿಜಾ ಅಳಲಿಲ್ಲ, ಬೈಯಲಿಲ್ಲ. ಅಂಗಳದ ಕಡೆ ನೋಡುತ್ತ ಮಧ್ಯೆ ಮಧ್ಯೆ ಉಸಿರಿಗೆ ನಿಂತು ಮಾತನಾಡಿದಳು.

"ಆ ಕೋಣೆಯಿಂದ್ಲೇ ನಂಗೆ ಹೀಗಾಗಿದ್ದು ಅಂತ ಲೈನಿನವ್ರು ಯಾವಾಗ್ಲೂ ಹೇಳ್ತಾರೆ. ಹಂಗಿದ್ರೆ ರೈಟ್ರು ನಂಗೆ ಹೇಳ್ದೇ ಇರ್ತಿರ್ಲಿಲ್ಲ, ನಮ್ಮೂರಿನವ್ರು ಅವ್ರು ಅಂತ ಎಲ್ಲರ ಬಾಯಿ ಮುಚ್ಚಿಸ್ತಿದ್ದೆ ನಾನು."

ಅಷ್ಟು ಹೇಳಿ ಅವಳು ಮೊರವನ್ನು ಮಡಿಲಿಗೆ ಎಳೆದುಕೊಂಡಳು. ಬಾಗಿಲ ಕಡೆ ತಿರುಗಿ, ಮೊದಲಿನಷ್ಟೇ ಮೆತ್ತಗಿನ ದನಿಯಲ್ಲಿ ಮಗಳಿಗೆ ಹೇಳಿದಳು.

"ಆಶಾ, ಕಾಫಿ ತರ್ಬೇಡ. ರೈಟ್ರು ಹೊರಟ್ರು."

ನಾನಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ.